ಬೆಲ್ಲ-ನೀರು ಕೊಡುವವರು

ನಮ್ಮೂರು ನೋಡಲು ಬಂದವರಿಗೆ ಸುಸ್ತಾಗುವುದಿಲ್ಲ. ಅವರ ಸುಸ್ತು ನಮಗೆ ಬರುತ್ತದೆ. ಬಸ್ಸಿನಿಂದ ಇಳಿದವರಿಗೆ ಗೇಟಿನ ಹತ್ತಿರ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಡುತ್ತೇವಲ್ಲ, ಅವರು ಕುಡಿದು ಲೋಟ ವಾಪಸು ಕೊಟ್ಟರೆ ಆಯಿತು, ಅವರ ಮೈಯಲ್ಲಿದ್ದ ಆಯಾಸವೆಲ್ಲ ಕೊಟ್ಟವರ ಮೈಗೆ ಇಳಿಯುತ್ತದೆ. ನಮ್ಮಜ್ಜಿಯ ಕಾಲದಿಂದಲೂ ಹೀಗೇ. ಯಾಕೆ ಎಂದು ಕೇಳಬೇಡಿ. ಕೂತು ಯೋಚಿಸುವಷ್ಟು ತ್ರಾಣ ಉಳಿದವರು ಈ ಊರಲ್ಲಿ ಯಾರೂ ಇಲ್ಲ.

ಬಂದವರಿಗೆ ಇದು ಗೊತ್ತಿಲ್ಲ. "ಇಲ್ಲಿನ ಗಾಳೀನೇ ಬೇರೆ ಕಣ್ರೀ" ಎಂದು ಎದೆಯುಬ್ಬಿಸಿ ಉಸಿರೆಳೆದುಕೊಳ್ಳುತ್ತಾರೆ. ಗಾಳಿ ಪಾಪ ಎಲ್ಲ ಊರಿನ ಗಾಳಿಯ ಹಾಗೇ ಇದೆ. ನಿಜ ಹೇಳಬೇಕೆಂದರೆ ನಮ್ಮೂರಿನಲ್ಲಿ ನೋಡುವಂಥದ್ದು ಏನೂ ಇಲ್ಲ. ಒಂದು ಕೆರೆ ಇದೆ, ಅದರಲ್ಲಿ ಹಂಸದ ಆಕಾರದ ದೋಣಿಗಳಿವೆ, ಕೆಲವು ಹಂಸಗಳಿಗೆ ಕೊಕ್ಕಿಲ್ಲ. ಕೆರೆಯ ಸುತ್ತ ಪುಟಾಣಿ ರೈಲು ಓಡುತ್ತದೆ, ಏರು ಬಂದರೆ ನಿಂತುಬಿಡುತ್ತದೆ, ಆಗ ದೊಡ್ಡವರು ಇಳಿದು ತಳ್ಳಬೇಕು. ಗುಲಾಬಿ ತೋಟ ಎಂದು ಬೋರ್ಡು ಹಾಕಿದ ಕಡೆ ಕಣಗಿಲೆ ಬೆಳೆದಿದೆ. ಕನ್ನಡಿ ಮನೆಯ ಕನ್ನಡಿಗಳಲ್ಲಿ ಪಾದರಸ ಎದ್ದುಹೋಗಿ ಮುಖಕ್ಕಿಂತ ಗೋಡೆಯೇ ಹೆಚ್ಚು ಕಾಣುತ್ತದೆ. ಗುಡ್ಡದ ಮೇಲಿನ ಗೋಪುರ ಹತ್ತಿದರೆ, ಆಗಲೇ ನೋಡಿ ಬಂದ ಕೆರೆಯನ್ನೇ ಮತ್ತೆ ನೋಡಬಹುದು. "ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಒಂದು ದಿನದ ಆನಂದ" ಎಂದು ಗೇಟಿನ ಮೇಲೆ ಬರೆಸಿದ್ದಾರೆ. ಅದು ಸುಳ್ಳಲ್ಲ. ಆಯಾಸ ಇಲ್ಲದವರಿಗೆ ಏನು ತೋರಿಸಿದರೂ ಚೆಂದ. ರೈಲು ತಳ್ಳುವಾಗಲೂ ಕೇಕೆ ಹಾಕುತ್ತಾರೆ.

ನಾನು ವನಜಾಕ್ಷಿ. ಗೇಟಿನ ಸಾಲಿನಲ್ಲಿ ನಿಂತು ನೀರು ಕೊಡುವವಳು. ತಲೆ ನೆರೆಯುವ ಮೊದಲಿಂದ ಇದೇ ಕೆಲಸ. ಶಾಲೆಯ ಪ್ರವಾಸದ ಬಸ್ಸು ಬಂದರೆ ನಮಗೆ ಹಬ್ಬ. ಮಕ್ಕಳ ಸುಸ್ತು ಅಂಗಾಲಿಗೆ ಕಚಗುಳಿ ಇಟ್ಟು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಡುತ್ತದೆ. ಅವರ ಮೇಷ್ಟರದು ಗಂಟಲಲ್ಲಿ ಕೂರುತ್ತದೆ, ಡ್ರೈವರುಗಳದು ಸೊಂಟದಲ್ಲಿ. ಹೊಸದಾಗಿ ಮದುವೆಯಾದವರದು ಬರೀ ನಿದ್ದೆಗೆಟ್ಟದ್ದು, ಅದು ಬಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತೇವೆ. ಆದರೆ ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಇನ್ನೊಂದು, ಹೆಗಲಿಗೆ ಎಲ್ಲರ ಬ್ಯಾಗು ಹಾಕಿಕೊಂಡು ಕೊನೆಯಲ್ಲಿ ಇಳಿಯುವ ಹೆಂಗಸರು ಕಂಡರೆ ನಮ್ಮ ಸಾಲು ಅಲುಗಾಡುತ್ತದೆ. ಒಬ್ಬಳಿಗೆ ಆಗಲೇ ಸೆರಗು ಸರಿಮಾಡಿಕೊಳ್ಳಬೇಕು ಅನ್ನಿಸುತ್ತದೆ, ಇನ್ನೊಬ್ಬಳ ಕೊಡದಲ್ಲಿ ನೀರು ಮುಗಿದಿರುತ್ತದೆ. ಅಂಥವರ ಸುಸ್ತು ಆ ದಿನದ್ದಲ್ಲ, ಹಳೆಯದು. ಅದು ಬಂದಾಗ ನಿಂತಿರಲು ಆಗುವುದಿಲ್ಲ, ಹಿಂದಿನ ಬೆಂಚಿನ ಮೇಲೆ ಕೂರಬೇಕು, ಪಕ್ಕದವಳು ಭುಜ ಹಿಡಿದುಕೊಳ್ಳಬೇಕು.

ಊರು ಇದಕ್ಕೆ ಹೊಂದಿಕೊಂಡಿದೆ. ಎಲ್ಲ ಅಂಗಡಿಯ ಮುಂದೆಯೂ ಕೂರಲು ಕಟ್ಟೆ ಇದೆ. ನಮ್ಮ ಕ್ಷೌರಿಕ ಕೂತೇ ಕತ್ತರಿ ಆಡಿಸುತ್ತಾನೆ. ಮದುವೆಗಳನ್ನು ಜನ ಬಾರದ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇವೆ, ರಜಾ ದಿನಗಳಲ್ಲಿ ಇಟ್ಟರೆ ಧಾರೆ ಎರೆಯುವವರೇ ತೂಕಡಿಸುತ್ತಾರೆ. ಅಮ್ಮ ಗೇಟಿಗೆ ಹೋಗಿ ಬಂದ ದಿನ ತಟ್ಟೆ ತಾವೇ ಹಾಕಿಕೊಳ್ಳಬೇಕು ಎಂದು ಮಕ್ಕಳಿಗೆ ಮಾತು ಬರುವ ಮೊದಲೇ ತಿಳಿದಿರುತ್ತದೆ.

ಊರಿನವರ ಸುಸ್ತು ಮಾತ್ರ ಹೀಗೆ ಹೋಗುವುದಿಲ್ಲ. ನಮ್ಮವರಿಗೆ ಬೆಲ್ಲ ಬರೀ ಬೆಲ್ಲ, ನೀರು ಬರೀ ನೀರು. ಎಲ್ಲರ ಹಾಗೆ ನಾವೂ ಮಲಗಿ ಎದ್ದೇ ಸುಧಾರಿಸಿಕೊಳ್ಳಬೇಕು. ಊರು ಬಿಟ್ಟು ಹೋದವರ ವಿಷಯ ಕಷ್ಟದ್ದು. ಅವರು ಎಷ್ಟು ಕಾಲ ನಮ್ಮವರಾಗಿ ಉಳಿಯುತ್ತಾರೆ, ಯಾವಾಗ ನೆಂಟರಾಗುತ್ತಾರೆ ಎನ್ನುವುದು ಯಾರಿಗೂ ಗೊತ್ತಿಲ್ಲ. ಕುಡಿದಾಗಲೇ ಗೊತ್ತಾಗುವುದು. ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವ ಜುಲೇಖಾಳ ತಮ್ಮ ದೂರದ ಬಂದರಿಗೆ ಕೆಲಸಕ್ಕೆ ಹೋಗಿದ್ದ. ಒಂದು ಬೇಸಿಗೆಯಲ್ಲಿ ಬಂದಾಗ ಅವಳು ಏನೋ ಖುಷಿಯಲ್ಲಿ ತನ್ನ ಕೈಯಾರೆ ಲೋಟ ಕೊಟ್ಟಳು. ಅವನು ಕುಡಿದ. ಅವಳ ಎರಡೂ ತೋಳು ಜೋತುಬಿದ್ದವು. ಜುಲೇಖಾ ಬೆಂಚಿನ ಮೇಲೆ ಕೂತು ಅತ್ತಳು, ತೋಳಿನ ನೋವಿಗೆ ಅಲ್ಲ. ಅಂದಿನಿಂದ ಅವನು ಬಂದರೆ ಮನೆಯಲ್ಲಿ ಒಳ್ಳೆಯ ಕುರ್ಚಿ ಕೊಡುತ್ತಾರೆ, ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವುದನ್ನು ಅವನೂ ಬಿಟ್ಟಿದ್ದಾನೆ. ಅದಕ್ಕೇ ಈಗ ಹೊರಗಿದ್ದ ಮಕ್ಕಳು ಮನೆಗೆ ಬಂದರೆ ಯಾರೂ ನೀರು ಎತ್ತಿ ಕೊಡುವುದಿಲ್ಲ. ಬೇಕಾದರೆ ಅವರೇ ತೆಗೆದುಕೊಂಡು ಕುಡಿಯಲಿ ಎಂದು ಬೇರೆ ಕಡೆ ನೋಡುತ್ತೇವೆ.

ನನ್ನ ತಂಗಿ ಇಂದ್ರಾಣಿ ಬಂದದ್ದು ಅಂಥ ಒಂದು ಪ್ರವಾಸದ ಬಸ್ಸಿನಲ್ಲಿ. ಅಮ್ಮ ಹೋದ ಮೇಲೆ ಅವಳನ್ನು ಬೆಳೆಸಿದವಳು ನಾನು. ಮದುವೆಯಾಗಿ ಹೊಳೆಯಾಚೆಯ ಪಟ್ಟಣಕ್ಕೆ ಹೋದವಳು ಮೊದಮೊದಲು ಬರುತ್ತಿದ್ದಳು. ಆಮೇಲೆ ಬರುತ್ತೇನೆ ಎಂದು ಹೇಳುವುದು ಮಾತ್ರ ಉಳಿಯಿತು. ಅತ್ತೆಗೆ ಕಾಲುನೋವು, ಮಗುವಿಗೆ ಜ್ವರ, ನಾದಿನಿಯ ಬಾಣಂತನ, ಹೀಗೆ ಒಂದಿಲ್ಲೊಂದು. ಆ ದಿನ ಅವರ ಬೀದಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಬಂದಿದ್ದರು. ನನಗೆ ಮೊದಲೇ ತಿಳಿಸಿರಲಿಲ್ಲ.

ಮಕ್ಕಳು ಹಾರಿ ಇಳಿದವು. ಗಂಡ ಶಾಂತರಾಜು ಕೈ ಬೀಸಿಕೊಂಡು ಇಳಿದ. ಅತ್ತೆ ಪುಟ್ಟಗೌರಮ್ಮ ಮೆಟ್ಟಿಲಿಗೊಮ್ಮೆ ದೇವರನ್ನು ಕರೆಯುತ್ತ ಇಳಿದರು. ಎಲ್ಲರೂ ಇಳಿದ ಮೇಲೆ ಎರಡು ಹೆಗಲಿಗೂ ಬ್ಯಾಗು, ಕೈಯಲ್ಲಿ ಊಟದ ಬುಟ್ಟಿ, ಕಂಕುಳಲ್ಲಿ ಯಾರದೋ ಸ್ವೆಟರು ಹಿಡಿದು ಒಬ್ಬಳು ಬಂದಳು. ನಮ್ಮ ಸಾಲು ಎಂದಿನ ಹಾಗೆ ಅಲುಗಾಡಿತು. ನಾನೂ ಸೆರಗಿಗೆ ಕೈ ಹಾಕಿದೆ. ಆಮೇಲೆ ಅವಳ ಮುಖ ನೋಡಿದೆ. ನನ್ನ ಇಂದ್ರಾಣಿ! ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ಅಲ್ಲಿ ನಿಂತಿರೋದು ನಿಮ್ಮಕ್ಕ ಅಲ್ವೇನೇ?" ಎಂದು ಪುಟ್ಟಗೌರಮ್ಮ ನೆಟ್ಟಗೆ ನನ್ನ ಹತ್ತಿರವೇ ಬಂದು ಲೋಟಕ್ಕೆ ಕೈ ಚಾಚಿದರು. ಕೊಟ್ಟೆ. ಕಾಲುನೋವು ಎಂದು ಊರಿಗೆಲ್ಲ ಸಾರುವ ಹೆಂಗಸಿನ ಸುಸ್ತು ಬಂದು ಮಂಡಿಯಲ್ಲಿ ಒಂದಿಷ್ಟು ಆಡಿತು, ಮಧ್ಯಾಹ್ನದ ನಿದ್ದೆ ತಪ್ಪಿದಷ್ಟು. ಶಾಂತರಾಜುವಿನದು ಕುತ್ತಿಗೆಗೆ ಬಂತು. ಅವನ ಬಗ್ಗೆ ಸುಳ್ಳು ಹೇಳಬಾರದು, ದಿನವಿಡೀ ಬಗ್ಗಿ ಕೆಲಸ ಮಾಡುವವನ ಕುತ್ತಿಗೆಯೇ ಅದು. ಕೂಸುಗಳದು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ಇಂದ್ರಾಣಿ ನನ್ನ ಮುಂದೆ ನಿಂತಳು. ನನ್ನ ಕೈ ತಾನಾಗಿಯೇ ಚೊಂಬಿಗೆ ಹೋಯಿತು.

"ನಂಗೆ ಬೇಡಕ್ಕ. ಬಾಯಾರಿಕೆ ಇಲ್ಲ" ಎಂದಳು.

ಜುಲೇಖಾ ನೆಲ ನೋಡುತ್ತ ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು. "ಹೋಗು ವನಜಕ್ಕ, ತಂಗಿ ಬಂದವ್ಳೆ. ಇಲ್ಲಿದು ನಾನ್ ನೋಡ್ಕೋತೀನಿ" ಎಂದಳು. ನಾನು ಅವರ ಜೊತೆ ಹೊರಟೆ.

ಇಷ್ಟು ವರ್ಷ ಊರಲ್ಲಿದ್ದರೂ ನಾನು ನೋಡುಗರ ಜೊತೆ ಸುತ್ತಿದವಳಲ್ಲ. ಅವತ್ತು ಸುತ್ತಿದೆ. ನೀರು ಕುಡಿದವರ ಉತ್ಸಾಹ ಕಂಡು ನನಗೇ ಕಣ್ಣು ಕತ್ತಲೆ ಬಂತು. ಪುಟ್ಟಗೌರಮ್ಮ ಕೊಕ್ಕಿಲ್ಲದ ಹಂಸವೇ ಬೇಕೆಂದು ಹಟ ಹಿಡಿದು ಹತ್ತಿದರು. ಶಾಂತರಾಜು ರೈಲು ತಳ್ಳಿದ, ತಳ್ಳಿ ಓಡಿ ಹತ್ತಿದ, ಮತ್ತೆ ಇಳಿದು ತಳ್ಳಿದ. ಮಕ್ಕಳು ಮೇಘನಾ ಮತ್ತು ತರುಣ ಕನ್ನಡಿ ಮನೆಯೊಳಗೆ ಹೋದವು ಹೊರಗೇ ಬರಲಿಲ್ಲ. ಇಂದ್ರಾಣಿ ಮಾತ್ರ ಎಲ್ಲಿಗೆ ಹೋದರೂ ಹೊರಗೇ ನಿಂತಳು. ದೋಣಿಯ ದಡದಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ನಿಂತಳು. ರೈಲಿನ ಹತ್ತಿರ ಬ್ಯಾಗು ಕಾಯುತ್ತ ನಿಂತಳು. "ಅಮ್ಮಾ ನೀರು", "ಇಂದ್ರಾ, ನನ್ನ ಕನ್ನಡಕ", "ಏ, ಆ ಚಿಪ್ಸಿನ ಪ್ಯಾಕೆಟ್ ತೆಗಿಯೇ" ಎಂದು ಕರೆದ ಕಡೆಗೆಲ್ಲ ಹೋದಳು. ಯಾರೂ ಕೆಟ್ಟವರಲ್ಲ. ಕರೆದರೆ ಬರುತ್ತಾಳೆ, ಆದ್ದರಿಂದ ಕರೆಯುತ್ತಾರೆ. ನಡುನಡುವೆ ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವುದನ್ನು ನೋಡುತ್ತ ನನಗೆ ಸಿಟ್ಟು ಏರತೊಡಗಿತು. ಯಾರ ಮೇಲೆ ಎಂದು ಹೇಳಲಾರೆ.

ಊಟವಾದ ಮೇಲೆ ಉಳಿದವರೆಲ್ಲ ಗೋಪುರ ಹತ್ತಲು ಹೋದರು. ನಾವಿಬ್ಬರೂ ಕೆಳಗೆ ಒಂದು ಮರದ ಬುಡದಲ್ಲಿ ಉಳಿದೆವು. ಅವಳು ಕೂತವಳೇ ತಟ್ಟೆಗಳನ್ನು ಒರೆಸತೊಡಗಿದಳು. ನಾನು ಕಿತ್ತುಕೊಂಡೆ.

"ಮನೆಗೆ ಬಾರೇ. ಒಂದು ಗಳಿಗೆ ಬೆನ್ನು ಚಾಚಿ ಬರುವೆಯಂತೆ" ಎಂದೆ.

"ಅವರು ಇಳಿದು ಬಂದಾಗ ನಾನಿಲ್ದಿದ್ರೆ ಹುಡುಕ್ತಾರೆ ಅಕ್ಕ."

"ಹುಡುಕ್ಲಿ. ಕಣ್ಣಿದೆಯಲ್ಲ."

ಅವಳು ನಗಲಿಲ್ಲ. ಕೆನ್ನೆಯ ಮೂಳೆ ಎದ್ದಿತ್ತು. ನಾನು ಸಾಕಿದ ಮುಖ ಅದು. ಚಿಕ್ಕವಳಿದ್ದಾಗ ಆಡಿ ಸುಸ್ತಾದರೆ ಬಂದು ನನ್ನ ಬೆನ್ನ ಮೇಲೆ ಬೀಳುತ್ತಿದ್ದಳು, ಸುಸ್ತಾಯಿತು ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ಈಗ ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದಳು.

"ಹಾಗಾದ್ರೆ ನೀರಾದ್ರೂ ಕುಡಿ. ನಾನ್ ಕೊಡ್ತೀನಿ" ಎಂದೆ.

"ಬೇಡ."

"ಯಾಕೆ ಬೇಡ?"

"ಯಾಕೆ ಅಂತ ನಿಂಗ್ ಗೊತ್ತಿಲ್ವಾ?" ಎಂದು ಅವಳು ಮೊದಲ ಬಾರಿಗೆ ನನ್ನನ್ನು ನೆಟ್ಟಗೆ ನೋಡಿದಳು. "ಕುಡಿದು ನಂಗೆ ಹಗುರ ಆಗ್ಬಿಟ್ರೆ? ಆಗ ನಾನ್ ಯಾರು ಅಕ್ಕ ಈ ಊರಿಗೆ? ಅತ್ತೆ ಮನೇಲಿ ಎಷ್ಟೇ ಕಷ್ಟ ಆದ್ರೂ, ನಂಗೂ ಒಂದು ಊರಿದೆ, ಅಲ್ಲಿ ನಾನು ನೆಂಟಳಲ್ಲ ಅಂದ್ಕೊಂಡೇ ಬೆಳಿಗ್ಗೆ ಏಳ್ತೀನಿ. ಅದನ್ನೂ ಕಳ್ಕೊಂಡು ಬಸ್ ಹತ್ತಲಾ?"

ನನ್ನ ಮಾತು ಒರಟಾಗಿಯೇ ಹೊರಟಿತು. "ನೆಂಟಳಾದ್ರೆ ಆಗು. ಒಳ್ಳೆ ಕುರ್ಚಿ ಹಾಕಿ ಕೂರಿಸ್ತೀನಿ. ನಿನ್ನ ಈ ಮುಖ ನೋಡ್ಕೊಂಡು ನಂಗಿರಕ್ಕಾಗಲ್ಲ. ಗೊತ್ತಿಲ್ದೋರದೆಲ್ಲಾ ಹೊತ್ತಿದೀನಿ, ನಿಂದೊಂದು ಹೊರಕ್ಕೆ ಬಿಡು" ಎಂದೆ.

"ನೀನು ಕನ್ನಡೀಲಿ ಮುಖ ನೋಡ್ಕೊಂಡಿದೀಯಾ ಅಕ್ಕ?" ಎಂದಳು ಅವಳು ಮೆಲ್ಲಗೆ. "ನಿನ್ ಮೇಲೆ ಇನ್ನೂ ಹಾಕ್ಲಾ?"

ಆ ಹೊತ್ತಿಗೆ ಮೇಲಿಂದ ತರುಣ ಕೂಗಿದ. ಅವನ ಟೋಪಿ ಹಾರಿಹೋಗಿತ್ತು. ಇಂದ್ರಾಣಿ ಎದ್ದು ಗುಡ್ಡ ಹತ್ತಿದಳು.

ಸಂಜೆ ಬಸ್ಸಿನ ಹತ್ತಿರ ಎಲ್ಲರೂ ಸೇರಿದರು. ನನ್ನ ಮನಸ್ಸಿನಲ್ಲಿ ಒಂದೇ ಇತ್ತು. ಇವಳು ಹೀಗೇ ಹತ್ತಿ ಹೋದರೆ ನಾಳೆ ಬೆಳಿಗ್ಗೆ ಇದೇ ಮೈಯಲ್ಲಿ ಏಳುತ್ತಾಳೆ, ನಾಳಿದ್ದೂ ಏಳುತ್ತಾಳೆ. ಅವಳು ನನ್ನವಳಾಗಿ ಉಳಿದು ಸವೆಯುವುದಕ್ಕಿಂತ ನೆಂಟಳಾಗಿ ಒಂದು ದಿನ ಹಗುರಾಗಿರಲಿ. ಜುಲೇಖಾಳ ಕೈಯಿಂದ ಚೊಂಬು ಇಸಿದುಕೊಂಡು, ಲೋಟ ತುಂಬಿ, ಬೆಲ್ಲ ಹಿಡಿದು ಎಲ್ಲರ ಮುಂದೆ ಅವಳ ಎದುರು ನಿಂತೆ. ಎಲ್ಲರ ಮುಂದೆ ಬೇಡ ಎನ್ನಲಾರಳು ಎಂದು ನನಗೆ ಗೊತ್ತಿತ್ತು.

"ತಗೊಳ್ಳೇ, ಅಕ್ಕ ಅಷ್ಟು ಪ್ರೀತಿಯಿಂದ ಕೊಡ್ತಿದಾಳೆ" ಎಂದರು ಪುಟ್ಟಗೌರಮ್ಮ.

ಇಂದ್ರಾಣಿಯ ಕಣ್ಣು ಬೇಡ ಬೇಡ ಎಂದಿತು. ನಾನು ಕೈ ಹಿಂದೆ ತೆಗೆಯಲಿಲ್ಲ. ಅವಳು ಬೆಲ್ಲ ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ನೀರು ಕುಡಿದಳು, ಲೋಟ ವಾಪಸು ಕೊಟ್ಟಳು.

ಕೊಟ್ಟವಳು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ನಕ್ಕಳು. ಎಂಥ ನಗು! ಮದುವೆಗೆ ಮೊದಲಿನ ನಗು, ಮುಖ ತುಂಬ. "ಹಗುರಾಯ್ತು ಅಕ್ಕ!" ಎಂದವಳೇ ತರುಣನನ್ನು ಎತ್ತಿ ಗಿರಗಿರ ತಿರುಗಿಸಿದಳು, ಬ್ಯಾಗುಗಳನ್ನೆಲ್ಲ ಒಂದೇ ಏಟಿಗೆ ಹೆಗಲಿಗೇರಿಸಿ ಬಸ್ಸು ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು.

ನಾನು ಹೋಗಿ ಬೆಂಚಿನ ಮೇಲೆ ಕೂತೆ. ಜುಲೇಖಾ ಬಂದು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ಹೋಯಿತಲ್ಲ, ನೆಂಟಳಾದಳಲ್ಲ ಎಂದು ಕಣ್ಣು ತುಂಬಿತ್ತು. ಅವಳ ಅಷ್ಟು ವರ್ಷಗಳ ಸುಸ್ತು ಎಲ್ಲಿ ಬಂದು ಹೊಡೆಯುತ್ತದೋ, ಬೆನ್ನಿಗೋ ಎದೆಗೋ ಎಂದು ಹಲ್ಲು ಕಚ್ಚಿ ಕಾದೆ.

ಬರಲಿಲ್ಲ. ಮಂಡಿಯಲ್ಲಿ ಪುಟ್ಟಗೌರಮ್ಮನದು ಇತ್ತು, ಕುತ್ತಿಗೆಯಲ್ಲಿ ಶಾಂತರಾಜುವಿನದು ಇತ್ತು. ನನ್ನದು ನನಗೆ ಇದ್ದೇ ಇತ್ತು. ಬೇರೆ ಏನೂ ಇಲ್ಲ. ಡ್ರೈವರು ಹಾರನ್ ಹೊಡೆದ.

"ಬಂತಾ?" ಎಂದಳು ಜುಲೇಖಾ.

"ಇಲ್ಲ ಕಣೇ" ಎಂದೆ. ಹೇಳಿದ ಮೇಲೆ ನನಗೇ ಅರ್ಥವಾಯಿತು. ಅವಳು ಇನ್ನೂ ನಮ್ಮವಳು. ಅವಳ ಸುಸ್ತು ಅವಳ ಹತ್ತಿರವೇ ಇದೆ. ಅದನ್ನು ಇಟ್ಟುಕೊಂಡೇ ಮಗುವನ್ನು ಎತ್ತಿ ತಿರುಗಿಸಿದ್ದಾಳೆ, ನಕ್ಕಿದ್ದಾಳೆ, ಕೈ ಬೀಸುತ್ತಿದ್ದಾಳೆ.

ನಾನು ಓಡಿದ್ದು ಯಾವ ಕಾಲದಲ್ಲೋ. ಅವತ್ತು ಓಡಿದೆ. ಬಸ್ಸಿನ ಬಾಗಿಲು ಬಡಿದು, ಹತ್ತಿ, ಅವಳ ಸೀಟಿನ ಹತ್ತಿರ ಹೋಗಿ ಅವಳ ಮಡಿಲಿನ ಮೇಲಿದ್ದ ಬ್ಯಾಗುಗಳನ್ನು ಒಂದೊಂದಾಗಿ ತೆಗೆದು ಶಾಂತರಾಜುವಿನ ಮಡಿಲಿನ ಮೇಲಿಟ್ಟೆ.

"ಇಂದ್ರಾಣಿ ಇಲ್ಲಿರ್ಲಿ. ಮಕ್ಕಳೂ ಇರ್ಲಿ" ಎಂದೆ.

"ಅಕ್ಕ, ಏನಿದು, ಸುಮ್ನಿರು" ಎಂದಳು ಇಂದ್ರಾಣಿ. ನಗು ಇನ್ನೂ ಮುಖದ ಮೇಲೇ ಇತ್ತು.

ನಮ್ಮ ನೀರು ಕುಡಿದವರ ಹತ್ತಿರ ಏನಾದರೂ ಕೇಳುವುದಿದ್ದರೆ ಬಸ್ಸು ಹೊರಡುವ ಮೊದಲೇ ಕೇಳಬೇಕು. ಊರು ಮುಟ್ಟಿದ ಮೇಲೆ ಅವರೂ ಎಲ್ಲರ ಹಾಗೇ. ಪುಟ್ಟಗೌರಮ್ಮನ ಮುಖ ಇನ್ನೂ ದೋಣಿಯಲ್ಲಿ ಕೂತಂತೆಯೇ ಅರಳಿತ್ತು. ಅವರ ನೋವು ನನ್ನ ಮಂಡಿಯಲ್ಲಿ ಇರುವಾಗಲೇ ಮಾತಾಡಿಬಿಡೋಣ ಎಂದು, "ಅಮ್ಮ, ನಿಮ್ಮ ಸೊಸೆ ಬಹಳ ಸೋತಿದಾಳೆ. ಅದು ನಿಮಗೆ ಗೊತ್ತಾಗಿಲ್ಲ, ಅವಳು ಗೊತ್ತಾಗಕ್ಕೆ ಬಿಟ್ಟೂ ಇಲ್ಲ. ಅವಳು ನಮ್ಮನೇಲಿ ಮಲಗಿ ಸುಧಾರಿಸ್ಕೊಳ್ಲಿ. ಅವಳಾಗೇ ಬರ್ತೀನಿ ಅಂದಾಗ ಬಂದು ಕರ್ಕೊಂಡು ಹೋಗಿ" ಎಂದೆ.

ಬಸ್ಸಿನಲ್ಲಿದ್ದ ಬೀದಿಯವರೆಲ್ಲ ಈ ಕಡೆ ತಿರುಗಿದರು. ಶಾಂತರಾಜು ಮಡಿಲಿನ ಮೇಲಿನ ಬ್ಯಾಗುಗಳನ್ನು ನೋಡಿದ, ಎತ್ತಿ ನೋಡಿದ. "ಇಷ್ಟು ಭಾರ ಇದೆಯೇನೇ?" ಎಂದು ಹೆಂಡತಿಯನ್ನು ಕೇಳಿದ.

"ಅಡುಗೆ?" ಎಂದರು ಪುಟ್ಟಗೌರಮ್ಮ. ತಾವೇ ಒಂದಿಷ್ಟು ಯೋಚಿಸಿ, "ಇವತ್ತೇನೋ ಮೈ ಹಗುರಾಗಿದೆ. ಮಾಡ್ತೀನಿ ಬಿಡು. ಹೋಗಮ್ಮ, ಇಳಿ" ಎಂದರು. ನಾಳೆ ಆಕೆ ನನ್ನನ್ನು ಬಯ್ಯುತ್ತಾರೆ ಎಂದು ನನಗೆ ಗೊತ್ತು. ಬಯ್ಯಲಿ. ಮಕ್ಕಳು ಇನ್ನೊಮ್ಮೆ ರೈಲು ಸಿಗುತ್ತದೆ ಎಂದು ಆಗಲೇ ಇಳಿದು ಕುಣಿಯುತ್ತಿದ್ದವು.

ಬಸ್ಸು ಹೋಯಿತು. ಗೇಟಿನ ಸಾಲಿನವರೆಲ್ಲ ಕೊಡಗಳನ್ನು ಬೋರಲು ಹಾಕಿ ಅಲ್ಲಲ್ಲೇ ಕೂತರು. ಇಂದ್ರಾಣಿ ರಸ್ತೆಯಲ್ಲಿ ಬರಿಗೈಯಲ್ಲಿ ನಿಂತಿದ್ದಳು, ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

"ನಂಗೇನೂ ಬರ್ಲಿಲ್ಲ ಕಣೇ" ಎಂದೆ. "ಬರ್ದೇ ಇರೋದು ನನ್ನಿಂದ ಮುಚ್ಚಿಡಕ್ಕಾಗುತ್ತಾ? ಹಗುರಾಯ್ತು ಅಂತ ಯಾಕ್ ಸುಳ್ಳು ಹೇಳ್ದೆ? ಯಾಕ್ ಹಂಗೆ ನಕ್ಕೆ?"

"ಹಗುರಾಯ್ತು ಅಂದಿದ್ದು ಸುಳ್ಳು" ಎಂದಳು. "ನೀನು ಕೊರಗಬಾರ್ದು ಅಂತ ಅಂದೆ. ನಕ್ಕಿದ್ದು ಸುಳ್ಳಲ್ಲ ಅಕ್ಕ. ಕುಡ್ದೆ, ಏನೂ ಹೋಗ್ಲಿಲ್ಲ. ಕಾಲು ಹಂಗೇ ನೋಯ್ತಿತ್ತು, ಬೆನ್ನು ಹಂಗೇ ಇತ್ತು. ಅಯ್ಯೋ, ನಾನಿನ್ನೂ ಇಲ್ಲಿಯವಳೇ ಅಂತ ಎಷ್ಟು ಖುಷಿ ಆಯ್ತು ಗೊತ್ತಾ? ಅಷ್ಟ್ ಸಾಕಾಗಿತ್ತು ನಂಗೆ. ಅದನ್ನ ಹಿಡ್ಕೊಂಡು ಇನ್ನೊಂದಷ್ಟು ವರ್ಷ ತಳ್ಳಿಬಿಡ್ತಿದ್ದೆ."

ನಾನು ಅವಳ ತಲೆ ಸವರಿದೆ. ಅಷ್ಟಕ್ಕೇ ಕಾದಿದ್ದವಳಂತೆ ಅವಳು ರಸ್ತೆಯ ಪಕ್ಕದಲ್ಲೇ ಕೂತುಬಿಟ್ಟಳು, ನಾನೂ ಕೂತೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಅಕ್ಕ, ಸುಸ್ತಾಗಿದೆ" ಎಂದಳು.

"ಗೊತ್ತು. ಮಲಗು" ಎಂದೆ.